ನಮ್ಮ ರಾಲಿತ್ಸಾಳ ಬೆನ್ನಿನ ವಿಷಯವಾಗಿ ಗುಡುಗು ಕಂಪನಿಯ ಮಾಲೀಕರಿಗೆ

ಗುಡುಗು ಮನರಂಜನಾ ಕಂಪನಿಯ ಸ್ಥಾಪಕರೂ, ಮುಖವಾಡದ ಕುಸ್ತಿ ಹಾಗೂ ಪಂಜರದ ಕಾಳಗಗಳ ಮಹಾಪೋಷಕರೂ, ನಮ್ಮ ಜಿಲ್ಲೆಯ ಪ್ರತಿಯೊಂದು ಲೈಟುಕಂಬದ ಮೇಲೂ ಮಳೆ ಬಿಸಿಲೆನ್ನದೆ ನಗುತ್ತಿರುವವರೂ ಆದ ಶ್ರೀ ಸ್ವಿಲೆನ್ ಪಂಚಾರೋವ್ ಅವರಿಗೆ, ಬ್ರೆಸ್ತಾಕ್ ಊರಿನ ಮಕ್ಕಳ ಕುಸ್ತಿಮನೆಯ ಉಸ್ತಾದ ಝೆಕೊ ಮಿಂಚೆವ್ ಟೋಪಿ ತೆಗೆದು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ತಮ್ಮ ಪೋಸ್ಟರುಗಳಿಂದಲೇ ತಿಳಿದು ಸಂತೋಷವಾಯಿತು. ನನ್ನನ್ನು ಒಮ್ಮೆ ಕಂಡೂ ನಾನು ಯಾರೆಂದು ತಮಗೆ ತಿಳಿಯದಿದ್ದರೆ ಅದು ತಮ್ಮ ತಪ್ಪಲ್ಲ, ತಾವು ಪಟ್ಟಣದವರು. ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ನನ್ನನ್ನು ಒಳಗಿಗಿಂತ ಹೊರಗೇ ಹೆಚ್ಚು ಹೊತ್ತು ನಿಲ್ಲಿಸಿದ್ದರಿಂದ ನನ್ನ ಅಕ್ಷರ ಸ್ವಲ್ಪ ಸೊಟ್ಟ, ಆದರೆ ದೆಲಿಓರ್ಮಾನ್ ಸೀಮೆಯಲ್ಲಿ ಝುರ್ನಾ ಊದಿ ಡೋಲು ಬಡಿದ ಕುಸ್ತಿಕಣಕ್ಕೆಲ್ಲ ಇಳಿದು, ಬಹುಮಾನದ ಟಗರನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಂದವನು ನಾನು. ಒಂದು ವರ್ಷ ಟಗರು ನನ್ನನ್ನು ಕಂಡೊಡನೆ ತಾನಾಗಿಯೇ ಅಂಗಾತ ಮಲಗಿತೆಂದು ಜನ ಹೇಳುತ್ತಾರೆ. ಜನ ಎಂದರೆ ಮುಖ್ಯವಾಗಿ ನಾನೇ, ಆದರೆ ಇದುವರೆಗೆ ಯಾರೂ ಅಲ್ಲಗಳೆದಿಲ್ಲ.

ಮೊದಲಿಗೆ ತಮಗೆ ಕೃತಜ್ಞತೆ ಹೇಳಬೇಕು. ತಮ್ಮ ಪ್ರದರ್ಶನ ನಮ್ಮ ಪಟ್ಟಣಕ್ಕೆ ಬಂದ ಮೇಲೆ ಕುಸ್ತಿಮನೆಗೆ ಮಕ್ಕಳು ನುಗ್ಗಿದ ಪರಿಯನ್ನು ನೋಡಿ ನನ್ನ ಕಣ್ಣು ತುಂಬಿತು. ಅವರು ಚಾಪೆಯನ್ನು ನೋಡಿದರು, ಗೋಡೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿ, "ಹಗ್ಗ ಎಲ್ಲಿ ತಾತ? ಹಾರೋಕೆ ಕಂಬ ಎಲ್ಲಿ?" ಎಂದು ಕೇಳಿದರು. ತ್ರಾಯ್ಕೊ ಎಂಬ ಮಹನೀಯನಂತೂ, ವಯಸ್ಸು ಹನ್ನೊಂದು, ಅಖಾಡದ ಹೆಸರೊಂದನ್ನು ಇಡದ ಹೊರತು ತಾನು ಮೊಣಕಾಲು ಬಗ್ಗಿಸಿ ನಿಲ್ಲುವುದನ್ನೇ ಕಲಿಯುವುದಿಲ್ಲವೆಂದು ಹಟ ಹಿಡಿದ. "ನಿಂಗೆ ಹೆಸರಿದೆಯಲ್ಲೋ, ತ್ರಾಯ್ಕೊ ಅಂತ" ಎಂದರೆ, "ಅದು ಅಮ್ಮ ಇಟ್ಟಿದ್ದು, ಅದ್ರಲ್ಲಿ ಯಾರು ಹೆದರ್ತಾರೆ?" ಎಂದ. ವಾರ ಕಳೆಯುವುದರೊಳಗೆ, ಒಂದೇ ಪಟ್ಟನ್ನು ಬೆವರು ಬಸಿಯುವವರೆಗೆ ಹಾಕಿಸುವ ಈ ಮನೆಯಲ್ಲಿ ತಮ್ಮ ಪ್ರದರ್ಶನದಂತೆ ಹೊಗೆಯೂ ಇಲ್ಲ, ಹಾಡೂ ಇಲ್ಲ ಎಂಬುದು ಗೊತ್ತಾಗಿ, ಬಂದವರು ಬಂದ ಬಾಗಿಲಲ್ಲೇ ಹೋದರು.

ಇದ್ದ ಮಕ್ಕಳೂ ಉಳಿಯಲಿಲ್ಲ ಎನ್ನುವುದಕ್ಕೆ ತಮ್ಮ ಪಂಜರವೇ ಕಾರಣವೆಂದರೆ ತಪ್ಪಾದೀತು, ಅವರ ತಾಯಂದಿರೂ ಕಾರಣ. ಪಂಜರದಲ್ಲಿ ಒಬ್ಬನ ಮೂಗು ಇನ್ನೊಬ್ಬನ ಮೊಣಕೈಗೆ ಸಿಕ್ಕಿ ಸ್ಥಳ ಬದಲಿಸಿದ್ದನ್ನು ಟಿವಿಯಲ್ಲಿ ನೋಡಿದ ಪೆನ್ಕಾ ಎಂಬಾಕೆ ಮರುದಿನವೇ ಬಂದು ಮಗನ ಬೂಟು ಎತ್ತಿಕೊಂಡಳು. "ಝೆಕೊ ಅಣ್ಣ, ನಿಂಗೂ ನಾಚಿಕೆ ಇಲ್ವಾ? ನನ್ ಮಗಂಗೆ ಹಲ್ಲು ಈಗ ತಾನೇ ಸರಿಯಾಗಿ ಬಂದಿದೆ!" ನಮ್ಮ ಕುಸ್ತಿಯಲ್ಲಿ ಗುದ್ದುವುದು ಅಪರಾಧ, ಬೆರಳು ತಿರುಚುವುದೂ ಅಪರಾಧ ಎಂದು ನಾನು ಎಷ್ಟು ಹೇಳಿದರೂ ಆಕೆ ಚಾಪೆಗೆ ಉಜ್ಜಿ ಉಜ್ಜಿ ಊದಿ ಹೂಕೋಸಿನಂತಾದ ನನ್ನ ಪೈಲ್ವಾನ ಕಿವಿಗಳನ್ನೇ ದಿಟ್ಟಿಸುತ್ತಿದ್ದಳು. ಇನ್ನೊಂದು ಕಡೆ ದೊಡ್ಡ ಹುಡುಗರು, ಅಂಥ ಕಿವಿ ಬೇಗ ಬರಲೆಂದು, ಬಟ್ಟೆ ಬದಲಿಸುವ ಕೋಣೆಯ ಬಾಗಿಲ ಚೌಕಟ್ಟಿಗೆ ಕಿವಿ ಉಜ್ಜುತ್ತಾ ಸಿಕ್ಕಿಬಿದ್ದರು. ನಾನು ಯೌವನವನ್ನೆಲ್ಲ ಸುರಿದು ಸಂಪಾದಿಸಿದ ಆಭರಣವನ್ನು ಇವರು ಬಡಗಿಯ ಕೆಲಸದಿಂದ ಪಡೆಯಲು ಹೊರಟರಲ್ಲ, ತಮ್ಮ ಪ್ರೇರಣೆ ಸಾಮಾನ್ಯವೇ!

ಇಷ್ಟೇ ಆಗಿದ್ದರೆ ನಾನು ತಮಗೆ ಒಂದು ಬುಟ್ಟಿ ಮೆಣಸಿನಕಾಯಿ ಕಳಿಸಿ ಸುಮ್ಮನಾಗುತ್ತಿದ್ದೆ. ನನ್ನ ನಿಜವಾದ ಅಳಲು ನನ್ನ ತಂಗಿಯ ಮಗಳು ರಾಲಿತ್ಸಾಳದು.

ರಾಲಿತ್ಸಾ ಹದಿನಾಲ್ಕರ ಹುಡುಗಿ, ನಮ್ಮ ಮನೆಯಲ್ಲಿ ಉಳಿದಿರುವ ನಿಜವಾದ ಪೈಲ್ವಾನಳು. ರೂಸೆ ನಗರದ ಕ್ರೀಡಾಶಾಲೆಗೆ ಸೇರಿದರೆ ಊಟ, ಹಾಸಿಗೆ, ಓದು, ಒಳ್ಳೆಯ ಉಸ್ತಾದರು, ಎಲ್ಲ ಅಲ್ಲೇ ಸಿಗುತ್ತದೆ. ಬ್ರೆಸ್ತಾಕಿನಲ್ಲಿ ಉಳಿದರೆ ಅವಳ ಜೊತೆ ಸೆಣಸಲು ನಾನೊಬ್ಬ, ನನ್ನ ಮೊಣಕಾಲುಗಳೆರಡು. ವಸಂತದಲ್ಲಿ ನಡೆದ ಪ್ರಾಂತ್ಯದ ಪಂದ್ಯ ಗೆದ್ದವಳಿಗೆ ಆ ಶಾಲೆಯ ಸೀಟು. ಅಂತಿಮ ಸುತ್ತಿನಲ್ಲಿ ನಮ್ಮ ಹುಡುಗಿ ಅಂಕಗಳಲ್ಲಿ ಬಹಳ ಮುಂದಿದ್ದಳು. ನಾನಾಗಲೇ ಪಕ್ಕದವರಿಗೆಲ್ಲ ಅವಳು ಯಾರ ಸೋದರಸೊಸೆಯೆಂದು ಹೇಳಿ ಮುಗಿಸಿದ್ದೆ. ಕೊನೆಗಳಿಗೆಯಲ್ಲಿ ಎದುರಾಳಿ ಅವಳ ಕಾಲು ಸೆಳೆದು ಕೆಡವಿದಳು. ಆಗ ಮಾಡಬೇಕಾದದ್ದು ಒಂದೇ, ಹೊಟ್ಟೆಯ ಮೇಲೆ ತಿರುಗಿ ಚಾಪೆಗೆ ಅಂಟಿಕೊಳ್ಳುವುದು. ನಮ್ಮ ರಾಲಿತ್ಸಾ, ತಮ್ಮ ಪಂಜರದ ವೀರರನ್ನು ಫೋನಿನಲ್ಲಿ ನೋಡಿ ನೋಡಿ ಕಲಿತ ವಿದ್ಯೆಯಿಂದ, ಬೆನ್ನ ಮೇಲೆ ಹಾಯಾಗಿ ಮಲಗಿ, ಎದುರಾಳಿಯ ಸೊಂಟಕ್ಕೆ ಎರಡೂ ಕಾಲು ಸುತ್ತಿ ಬಿಗಿದಳು.

ಮಾನ್ಯರೇ, ತಮ್ಮ ಪಂಜರದಲ್ಲಿ ಇದು ಜಾಣ ಹಿಡಿತ, ಕೆಳಗಿದ್ದವನೇ ಮೇಲಿದ್ದವನನ್ನು ಉಸಿರುಗಟ್ಟಿಸಬಹುದು. ನಮ್ಮ ಚಾಪೆಯ ಮೇಲೆ ಎರಡು ಹೆಗಲೂ ನೆಲಕ್ಕೆ ತಾಗಿದರೆ ಚಿತ್, ಅಂಕ ಎಷ್ಟಿದ್ದರೂ ಆಟ ಮುಗಿಯಿತು. "ತಿರುಗೇ! ತಿರುಗೇ, ಹುಚ್ಚಿ!" ಎಂದು ನಾನು ಕಿರುಚುತ್ತಿದ್ದರೆ ಅವಳು ಕೆಳಗಿನಿಂದಲೇ ನನ್ನ ಕಡೆ ಹೆಬ್ಬೆರಳು ಎತ್ತಿ ತೋರಿಸಿ ನಕ್ಕಳು. ಆಟ ಮುಗಿಯಿತೆಂದು ರೆಫರಿ ಚಾಪೆಗೆ ಅಂಗೈ ಬಡಿದ. ಅವಳು ಗೆದ್ದೆನೆಂದು ಎದ್ದು ನಿಂತು ಕೈ ಚಾಚಿದಳು. ರೆಫರಿ ಇನ್ನೊಬ್ಬಳ ಕೈ ಎತ್ತಿದ. ಚಾಚಿದ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಕೂದಲು ಸರಿಮಾಡಿಕೊಂಡದ್ದನ್ನು ನಾನು ನೋಡಿದೆ. ಸೀಟು ಆ ಇನ್ನೊಬ್ಬಳಿಗೆ ಹೋಯಿತು.

ತಮ್ಮ ಔದಾರ್ಯವೆಷ್ಟೆಂದರೆ, ವಿಷಯ ಕಿವಿಗೆ ಬಿದ್ದದ್ದೇ ತಾವು ಸ್ವತಃ ನಮ್ಮ ಕುಸ್ತಿಮನೆಗೆ ದಯಮಾಡಿಸಿ, ಪುಕ್ಕಟೆ ಟಿಕೇಟು ಕೊಟ್ಟು, "ಅಷ್ಟು ಚೆನ್ನಾಗಿ ಹಿಡಿದಿದ್ಯಂತಲ್ಲಮ್ಮ, ನಮ್ಮಲ್ಲಾಗಿದ್ರೆ ಜನ ಎದ್ದು ನಿಂತು ಚಪ್ಪಾಳೆ ಹೊಡೀತಿದ್ರು" ಎಂದಿರಿ. ಮನೆಯವರೆಲ್ಲ ಸಮಾಧಾನ ಹೇಳಿ ಸೋತಿದ್ದರು, ಆ ಹುಡುಗಿ ಅಂದು ಮೊದಲ ಸಲ ತಲೆಯೆತ್ತಿದಳು. ಪ್ರದರ್ಶನಕ್ಕೆ ನಾನೂ ಬಂದೆ, ಟಿಕೇಟು ಹಾಳಾಗಬಾರದೆಂದು. ತಾವು ಮೈಕಿನಲ್ಲಿ, "ಉಕ್ಕಿನ ಸುಂಟರಗಾಳಿಯನ್ನ ಕೆಡವೋ ಮಕ್ಕಳು ಯಾರಾದ್ರೂ ಇದ್ದೀರಾ?" ಎಂದು ಗುಡುಗಿದಿರಿ. ಮುಖವಾಡದ ಆ ದೈತ್ಯ, ಚಿಕ್ಕ ಮಕ್ಕಳು ಬಂದು ಬೆರಳು ಮುಟ್ಟಿಸಿದರೆ ಸಾಕು, ಮರ ಕಡಿದಂತೆ ಉರುಳುತ್ತಿದ್ದ. ಆಮೇಲೆ ನಮ್ಮ ರಾಲಿತ್ಸಾ ಹಗ್ಗದಡಿ ನುಸುಳಿ ಹೋದಳು.

ಅವಳು ಬೆರಳು ಮುಟ್ಟಿಸಲಿಲ್ಲ. ವಸಂತದಿಂದ ಎದೆಯಲ್ಲಿಟ್ಟುಕೊಂಡದ್ದನ್ನೆಲ್ಲ ಸೇರಿಸಿ ಅವನ ಒಂದು ಕಾಲಿಗೆ ಲಗ್ಗೆ ಹಾಕಿದಳು, ಎತ್ತಿದಳು, ತಿರುಗಿಸಿದಳು, ಎರಡು ಹೆಗಲೂ ಹಲಗೆಗೆ ತಾಗುವಂತೆ ಒತ್ತಿ ಹಿಡಿದಳು. ಜನ ಅದನ್ನೂ ನಾಟಕವೆಂದು ನಕ್ಕರು. ನಾನು ನಗಲಿಲ್ಲ, ಏಕೆಂದರೆ ಬೀಳುವಾಗ ಗದ್ದವನ್ನು ಎದೆಗೊತ್ತಿ ಎಡಗೈ ಚಾಚುವ ಆ ರೀತಿ ನನಗೆ ಗೊತ್ತು. ಮುಖವಾಡದೊಳಗಿದ್ದವನು ಪಕ್ಕದ ಊರಿನ ನೆಜ್ಮಿ, ಒಂದು ಕಾಲದಲ್ಲಿ ನನ್ನಿಂದ ಟಗರು ಕಸಿದ ಏಕೈಕ ಪೈಲ್ವಾನ (ಅಂದು ಹುಲ್ಲು ಒದ್ದೆಯಾಗಿತ್ತು). ಬಿದ್ದಲ್ಲಿಂದಲೇ ಅವನು ಅವಳ ಕಿವಿಯಲ್ಲಿ ಹೇಳಿದ್ದನ್ನು ದಾರಿಯಲ್ಲಿ ಅವಳು ನನಗೆ ಹೇಳಿದಳು: "ಇದು ನಿಜವಾಗಿ ಬಿದ್ದದ್ದು, ಮಗಳೇ. ನಾನು ಸಂಬಳಕ್ಕೆ ನೆಲಕ್ಕೆ ಬೆನ್ನು ಕೊಡೋನು. ನೀನು ಯಾರಿಗೂ ಪುಕ್ಕಟೆ ಕೊಡಬೇಡ."

ಮರುದಿನ ಬೆಳಗ್ಗೆ ಅವಳು ಚಾಪೆಯ ಮಧ್ಯೆ ಅಂಗಾತ ಮಲಗಿ, "ಮಾಮ, ಮೇಲೆ ಬಿದ್ದು ಒತ್ತು. ನಾನು ಏಳ್ಬೇಕು" ಎಂದಳು. ಅಂದಿನಿಂದ ದಿನವೂ ಒತ್ತುತ್ತಿದ್ದೇನೆ. ಕತ್ತನ್ನು ಕಮಾನು ಮಾಡಿ ಅವಳು ನನ್ನನ್ನು ಎಸೆಯುವ ರಭಸಕ್ಕೆ ನನ್ನ ತಂಗಿ ಮೊಸರಿನ ಬದಲು ಮುಲಾಮಿನ ಡಬ್ಬ ಕಳಿಸತೊಡಗಿದ್ದಾಳೆ.

ಈಗ ಕ್ರೀಡಾಶಾಲೆಯಲ್ಲಿ ಒಂದು ಸೀಟು ಖಾಲಿಯಾಗಿ, ಬರುವ ಶನಿವಾರ ರೂಸೆಯಲ್ಲಿ ಮತ್ತೊಮ್ಮೆ ಆಯ್ಕೆ ಇದೆ. ಅದೇ ಶನಿವಾರ ತಮ್ಮ ಪ್ರದರ್ಶನವೂ ಇದೆ. ಪೋಸ್ಟರಿನಲ್ಲಿ ನಮ್ಮನ್ನು ಕೇಳದೆಯೇ "ಪುಟ್ಟ ಸುಂಟರಗಾಳಿ" ಎಂಬ ಬಿರುದಿನೊಂದಿಗೆ ರಾಲಿತ್ಸಾಳ ಫೋಟೋ ಹಾಕಿಸಿದ್ದೀರಿ. ಅವಳು ಅದನ್ನು ಬಹಳ ಹೊತ್ತು ನೋಡಿದಳು, ಮಾನ್ಯರೇ, ನಾನು ಸುಳ್ಳು ಹೇಳುವುದಿಲ್ಲ. "ಚೆನ್ನಾಗಿ ಬಂದಿದೀನಲ್ವಾ ಮಾಮ?" ಎಂದಳು. ಆಮೇಲೆ, "ರೂಸೆ ಬಸ್ಸು ಎಷ್ಟೊತ್ತಿಗೆ?" ಎಂದಳು.

ಆದ್ದರಿಂದ ನನ್ನ ವಿನಂತಿಗಳು ಕೆಲವೇ. ಪೋಸ್ಟರಿನಿಂದ ಅವಳನ್ನು ತೆಗೆಯಿರಿ. ತೆಗೆಯಲು ತೊಂದರೆಯಾದರೆ, ವಿಶ್ವ ಕುಸ್ತಿ ಮಂಡಳಿಗೆ ಬರೆದು, ಅಂಗಾತ ಬಿದ್ದವರೇ ಗೆದ್ದಂತೆ ಎಂದು ಶನಿವಾರದೊಳಗೆ ನಿಯಮ ತಿದ್ದಿಸಿ. ಅದೂ ಕಷ್ಟವೆಂದರೆ, ತಮ್ಮ ಪಂಜರದ ವೀರರನ್ನು ಮನೆಮನೆಗೆ ಕಳಿಸಿ, "ಝೆಕೊನ ಮನೆಯಲ್ಲಿ ಗುದ್ದುವುದಿಲ್ಲ, ಮಗನ್ನ ಧೈರ್ಯವಾಗಿ ಕಳಿಸಮ್ಮ" ಎಂದು ತಾಯಂದಿರಿಗೆ ಹೇಳಿಸಿ. ಪೆನ್ಕಾಳ ಮನೆಗೆ ಮಾತ್ರ ಮೂಗು ನೆಟ್ಟಗಿರುವವನನ್ನು ಆರಿಸಿ ಕಳಿಸಿ. ಇದ್ಯಾವುದೂ ಆಗದಿದ್ದರೂ ಬೇಸರವಿಲ್ಲ. ಶನಿವಾರ ಬೆಳಗಿನ ಮೊದಲ ಬಸ್ಸಿನಲ್ಲಿ ನಾವು ಹೊರಟಿರುತ್ತೇವೆ.

ಹೂಕೋಸು ಕಿವಿಯ, ಆದರೆ ನೆಟ್ಟಗಿನ ಬೆನ್ನಿನ
ತಮ್ಮ ವಿಶ್ವಾಸಿ,
ಝೆಕೊ ಮಿಂಚೆವ್
ಬ್ರೆಸ್ತಾಕ್

ಮರೆತಿದ್ದ ಮಾತು: ಉಕ್ಕಿನ ಸುಂಟರಗಾಳಿಯವರು ತಮಗೆ ತಿಳಿಸಲು ಹೇಳಿದ್ದಾರೆ, ಶನಿವಾರ ಅವರೂ ರಜೆ. ಮುಖವಾಡ ಮನೆಯಲ್ಲಿಟ್ಟು, ರೂಸೆಯಲ್ಲಿ ನಮ್ಮ ಹುಡುಗಿಯ ಮೂಲೆಯಲ್ಲಿ ಟವಲು ಹಿಡಿದು ನಿಲ್ಲುತ್ತಾರಂತೆ. ಅಂದು ಬೀಳಲು ಯಾರೂ ಸಿಗದಿದ್ದರೆ ತಾವು ಚಿಂತಿಸಬೇಕಾಗಿಲ್ಲ. ತಮ್ಮ ಬೆನ್ನೂ ಸಾಕಷ್ಟು ಅಗಲವಾಗಿದೆ, ಮತ್ತು ನನಗೆ ತಿಳಿದಂತೆ ಅದನ್ನು ಇದುವರೆಗೆ ಯಾವ ಕೆಲಸಕ್ಕೂ ಬಳಸಿಲ್ಲ.