ಡಬಲ್ ವಿಷಲ್ ಬೀಳುವವರೆಗೆ

ಮನೆಯಲ್ಲಿ ಹೆಂಡತಿಯ ಮಾತು ಕೇಳದೆಯೂ ಹೇಗೋ ದಿನ ದೂಡಬಹುದು. ಗಾಡಿಯ ಮೇಲೆ ಕೇಳದಿದ್ದರೆ ಮೆಮೊ ಬರುತ್ತದೆ. ಇದು ಡ್ರೈವರ ಬಹುದಿನದ ಅಳಲು. ಅವರು ಓಡಿಸುವ ಬಸ್ಸಿನ ಕಂಡಕ್ಟರು ಬೇರೆ ಯಾರೂ ಅಲ್ಲ, ಅವರ ಧರ್ಮಪತ್ನಿಯೇ. ಆಕೆ ಒಂದು ವಿಷಲ್ ಹಾಕಿದರೆ ನಿಲ್ಲಬೇಕು, ಎರಡು ಹಾಕಿದರೆ ಹೊರಡಬೇಕು. ನಡುವೆ ಪ್ರಯಾಣಿಕರು ಸೀಟು ಬಡಿದರೂ, ಹಿಂದಿನ ಲಾರಿಯವನು ಹಾರ್ನ್ ಒತ್ತಿ ಒತ್ತಿ ಸುಸ್ತಾದರೂ, ಡಬಲ್ ವಿಷಲ್ ಬೀಳದೆ ಡ್ರೈವರ ಗಾಡಿ ಒಂದಂಗುಲ ಸರಿದದ್ದಿಲ್ಲ. “ಕಂಡಕ್ಟರಮ್ಮ ಇಳಿದು ಮನೆಗೆ ಹೋದ್ರೂ ಇವ್ರು ಅಲ್ಲೇ ನಿಂತಿರ್ತಾರೆ” ಎಂದು ಡಿಪೋದಲ್ಲಿ ನಗುತ್ತಿದ್ದರು. ಡ್ರೈವರು ಅದನ್ನು ಹೊಗಳಿಕೆ ಎಂದೇ ಸ್ವೀಕರಿಸಿದ್ದರು.

ಇಂಥ ನಿಷ್ಠಾವಂತರ ರಕ್ತದೊತ್ತಡ ಮಾತ್ರ ಯಾರ ವಿಷಲ್ಲಿಗೂ ನಿಲ್ಲದೆ ಏರಿಬಿಟ್ಟಿತು. ವರ್ಷಕ್ಕೊಮ್ಮೆ ನಡೆಯುವ ಡ್ರೈವರುಗಳ ತಪಾಸಣೆಯಲ್ಲಿ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಹುಬ್ಬು ಗಂಟಿಕ್ಕಿದರು.

“ಮುಂದಿನ ವಾರ ಬನ್ನಿ, ಇನ್ನೊಂದ್ಸಲ ನೋಡೋಣ. ಆಗ್ಲೂ ಹೀಗೇ ಇದ್ರೆ ಸ್ಟೇರಿಂಗ್ ಕೊಡೋಕ್ಕಾಗಲ್ಲ. ಉಪ್ಪು ಕಡಿಮೆ ಮಾಡಿ, ಚೆನ್ನಾಗಿ ನಿದ್ದೆ ಮಾಡಿ, ನೆಮ್ಮದಿಯಾಗಿರಿ.”

(ಉಪ್ಪಿನ ಡಬ್ಬಿ ಹೆಂಡತಿಯ ಕೈಯಲ್ಲಿತ್ತು. ನೆಮ್ಮದಿಯೂ ಅಲ್ಲೇ ಇದ್ದದ್ದು ನೆನಪಾಗಿ ಡ್ರೈವರಿಗೆ ನಿದ್ದೆಯೂ ಹೋಯಿತು.)

ಸ್ಟೇರಿಂಗ್ ಹೋದವರ ಗತಿ ಏನೆಂದು ಅವರಿಗೆ ಗೊತ್ತಿತ್ತು. ಡಿಪೋದ ಗೇಟಿನಲ್ಲಿ ಒಂದು ಸ್ಟೂಲು. ಗಾಡಿ ಬಂದರೆ ಹಗ್ಗ ಇಳಿಸಬೇಕು, ಹೋದ ಮೇಲೆ ಮತ್ತೆ ಎಳೆದು ಕಟ್ಟಬೇಕು. ಹರೆಯದಿಂದ ಇಂದಿನವರೆಗೆ ದೊಡ್ಡ ಗಾಜಿನ ಹಿಂದೆ ಕೂತು, ಊರು ಊರೇ ತಮ್ಮೆದುರಿಗೆ ಬಂದು ಪಕ್ಕಕ್ಕೆ ಸರಿದು ದಾರಿ ಬಿಡುವುದನ್ನು ನೋಡಿದ ಜೀವ ಅದು. ಆ ಗಾಜು ಇಲ್ಲದೆ ಬದುಕುವುದು ಹೇಗೆಂದು ಯೋಚಿಸಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಎದೆ ಹೊಡೆದುಕೊಂಡರೆ ಒತ್ತಡ ಏರುತ್ತದೆಂದು ಹೆದರಿಕೆ. ಹೆದರಿದರೆ ಮತ್ತೆ ಎದೆ ಹೊಡೆದುಕೊಳ್ಳುತ್ತಿತ್ತು. ಹೀಗೆ ಅವರು ಕೂತಲ್ಲೇ ರಿವರ್ಸಿನಲ್ಲಿ ಸುತ್ತುತ್ತಿದ್ದಾಗ ಕಂಡಕ್ಟರಮ್ಮ ರಂಗಪ್ರವೇಶ ಮಾಡಿದರು.

“ನೋಡ್ರೀ, ಮಹಿಳಾ ಸಿಬ್ಬಂದಿಗೆ ಅಂತ ಆರೋಗ್ಯ ಶಿಬಿರ ಮಾಡಿದ್ರಲ್ಲ, ಅಲ್ಲಿ ದೀರ್ಘ ಉಸಿರಾಟ ಹೇಳಿಕೊಟ್ಟಿದಾರೆ. ಹೊಟ್ಟೆ ತುಂಬ ಉಸಿರು ಎಳ್ಕೋಬೇಕು, ಒಂಚೂರು ತಡೀಬೇಕು, ಆಮೇಲೆ ನಿಧಾನಕ್ಕೆ ಬಿಡ್ಬೇಕು. ಎದೆಬಡಿತ ಇಳಿಯುತ್ತೆ, ನರಗಳು ಸಡಿಲ ಆಗ್ತವೆ, ಒತ್ತಡಾನೂ ತಗ್ಗುತ್ತೆ.”

“ಹೊಟ್ಟೆ ತುಂಬ ಉಸಿರಾ? ಊಟ ಹಾಕಲ್ವೇನೇ ಇನ್ಮೇಲೆ?”

ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಡ್ರೈವರ ತಾಯಿ ಬಾಯಿ ಹಾಕಿದರು. “ನಿಮ್ಮಪ್ಪ ಸಾಯೋತನಕ ಉಸಿರಾಡಿದ್ರು ಕಣೋ. ಅವ್ರಿಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ.”

“ಅತ್ತೆ, ನೀವು ಸುಮ್ನಿರಿ. ರೀ, ನೆಟ್ಟಗೆ ಕೂತ್ಕೊಳ್ಳಿ.”

ಡ್ರೈವರು ಕೂತರು. ಮೊದಲ ದಿನವೇ ಒಂದು ವಾರದ ಲಾಭ ಹೊಡೆದುಬಿಡಬೇಕೆಂಬ ಆತುರ. ಭುಜ ಕಿವಿಗೆ ತಾಗುವಂತೆ ಎತ್ತಿ, ಬುಸಬುಸನೆ ಎಳೆದು ಬಿಟ್ಟು, ಎಳೆದು ಬಿಟ್ಟು, ಅಡುಗೆಮನೆಯ ಕ್ಯಾಲೆಂಡರ್ ಅಲುಗಾಡುವಂತೆ ಉಸಿರಾಡಿದರು. ಸ್ವಲ್ಪ ಹೊತ್ತಿಗೆ ಬೆರಳ ತುದಿ ಜುಮುಜುಮು ಎಂದಿತು. ತುಟಿ ಮರಗಟ್ಟಿತು. ಗೋಡೆ ಓರೆಯಾಗಿ ಕಂಡಿತು.

“ಅಮ್ಮಾ, ನಾನು ಹೊರಟೆ! ಕೈಕಾಲು ಆಗ್ಲೇ ಹೋದ್ವು!”

“ಎಲ್ಲೂ ಹೋಗಲ್ಲ, ಕೂತ್ಕೊಳ್ಳಿ” ಎಂದರು ಕಂಡಕ್ಟರಮ್ಮ. “ದೀರ್ಘ ಅಂದ್ರೆ ಜೋರು ಅಂತ ಅಲ್ಲ. ಗಡಿಬಿಡೀಲಿ ಜಾಸ್ತಿ ಜಾಸ್ತಿ ಬಿಟ್ರೆ ತಲೆ ತಿರುಗುತ್ತೆ ಅಂತ ಶಿಬಿರದಲ್ಲಿ ಹೇಳಿದ್ರು. ಭುಜ ಇಳಿಸಿ. ಹೊಟ್ಟೆ ಮೇಲೆ ಕೈಯಿಡಿ. ಕೈ ಮೇಲೇಳ್ಬೇಕು, ಭುಜ ಅಲ್ಲ.”

“ನೀನು ಮಾತಾಡ್ತಿದ್ರೆ ಉಸಿರು ಹೆಂಗೆ ಬಿಡ್ಲಿ?”

“ನಾನು ಮಾತಾಡ್ದೆ ಹೆಂಗೆ ಹೇಳಿಕೊಡ್ಲಿ?”

ಎರಡು ದಿನ ಹೀಗೇ ಹೋಯಿತು. ‘ತಡೀರಿ’ ಎಂದರೆ ‘ಎಷ್ಟೊತ್ತು?’ ಎಂದು ಡ್ರೈವರು ಬಾಯಿ ತೆರೆಯುತ್ತಿದ್ದರು; ತಡೆದ ಉಸಿರು ಆ ಪ್ರಶ್ನೆಗೇ ಖರ್ಚಾಗುತ್ತಿತ್ತು. ಮೂರನೆಯ ದಿನ ಕಂಡಕ್ಟರಮ್ಮನ ತಾಳ್ಮೆ ಮುಗಿಯಿತು. ಒಳಗೆ ಹೋಗಿ ಡ್ಯೂಟಿಯ ವಿಷಲ್ ತಂದು ಬಾಯಿಗಿಟ್ಟರು.

ಒಂದು ವಿಷಲ್.

ಡ್ರೈವರ ಹೊಟ್ಟೆ ತಾನಾಗಿ ತುಂಬಿ, ತಾನಾಗಿ ನಿಂತಿತು. ಪ್ರಶ್ನೆಯಿಲ್ಲ, ವಾದವಿಲ್ಲ.

ಎರಡು ವಿಷಲ್.

ಉಸಿರು ನಿಲ್ದಾಣದಿಂದ ಹೊರಟ ಬಸ್ಸಿನಂತೆ ನಿಧಾನವಾಗಿ, ಗೌರವದಿಂದ ಹೊರಗೆ ಸಾಗಿತು. ಅತ್ತೆ ಕಿವಿಗೆ ಹತ್ತಿ ಇಟ್ಟುಕೊಂಡರು. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಆದರೆ ಫಲ ಕಂಡಿತು. ಡ್ರೈವರ ಭುಜ ಇಳಿಯಿತು, ಯಾವಾಗಲೂ ತಣ್ಣಗಿರುತ್ತಿದ್ದ ಅಂಗೈ ಬೆಚ್ಚಗಾಯಿತು, ಆಕಳಿಕೆ ಬಂತು, ನಿದ್ದೆ ಬಂತು. ಅಡ್ಡ ಬಂದ ಸ್ಕೂಟರಿನವನ ವಂಶಾವಳಿಯನ್ನು ಉದ್ಧರಿಸುವುದನ್ನು ಬಿಟ್ಟು, “ಹೋಗಪ್ಪಾ, ಹುಷಾರು” ಎನ್ನತೊಡಗಿದರು. ಸ್ಕೂಟರಿನವನೇ ಗಾಬರಿಯಾಗಿ ತಿರುತಿರುಗಿ ನೋಡುತ್ತಿದ್ದ.

ತಪಾಸಣೆಯ ದಿನ ಬಂತು. ಡಾಕ್ಟರಮ್ಮನ ಕೋಣೆ ಡಿಪೋದ ಮಹಡಿಯ ಮೇಲೆ. ಕಂಡಕ್ಟರಮ್ಮನನ್ನು ಹೊರಗಿನ ಬೆಂಚಿನಲ್ಲೇ ಕೂರಿಸಿದರು. ಡ್ರೈವರು ಒಬ್ಬರೇ ಒಳಗೆ ಹೋಗಿ ತೋಳು ಚಾಚಿದರು. ‘ಈ ಪಟ್ಟಿ ಬಿಚ್ಚುವಷ್ಟರಲ್ಲಿ ನಾನು ಡ್ರೈವರೋ ಅಲ್ಲವೋ ಗೊತ್ತಾಗುತ್ತೆ’ ಎಂದುಕೊಂಡರು. ಕೂಡಲೇ ಹೊಟ್ಟೆಯ ಮೇಲೆ ಗಮನವಿಟ್ಟು ಮೆಲ್ಲಗೆ ಉಸಿರೆಳೆದರು, ಮೆಲ್ಲಗೆ ಬಿಟ್ಟರು. ಎದೆಬಡಿತ ಹದಕ್ಕೆ ಬರತೊಡಗಿತು. ಡಾಕ್ಟರಮ್ಮನ ಮುಖವೂ ಸಡಿಲವಾಯಿತು.

ಅಷ್ಟರಲ್ಲಿ ಕಿಟಕಿಯ ಕೆಳಗೆ, ಅಂಗಳದಲ್ಲಿ, ರಿವರ್ಸ್ ಬರುತ್ತಿದ್ದ ಬಸ್ಸೊಂದಕ್ಕೆ ಯಾರೋ ಕಂಡಕ್ಟರು ವಿಷಲ್ ಹಾಕಿದರು. ಒಂದೇ ಒಂದು.

ಡ್ರೈವರ ಹೊಟ್ಟೆ ತುಂಬಿತು. ನಿಂತಿತು.

ಅವರು ಎರಡನೆಯದಕ್ಕೆ ಕಾದರು. ಕೆಳಗೆ ಬಸ್ಸು ಗೋಡೆಗೆ ತಾಗಿತ್ತೋ ಏನೋ, ವಿಷಲ್ಲಿನ ಬದಲು ಜಗಳ ಶುರುವಾಯಿತು. “ನಿಲ್ಸು ಅಂದೆ ತಾನೆ? ಕಿವಿ ಕೇಳ್ಸಲ್ವಾ?” “ಮೊದ್ಲೇ ಊದೋಕೇನಾಗಿತ್ತು? ಬಾಯಲ್ಲಿ ಏನಿಟ್ಕೊಂಡಿದ್ದೆ?” ಇಬ್ಬರೂ ಪರಸ್ಪರರ ಸೇವಾವಧಿಯನ್ನು ಮೊದಲಿನಿಂದ ವಿಮರ್ಶಿಸತೊಡಗಿದರು. ಡಬಲ್ ವಿಷಲ್ಲಿನ ಸುಳಿವಿಲ್ಲ.

ಡ್ರೈವರ ಮುಖ ಕೆಂಪಾಯಿತು. ಕಿವಿ ಕೆಂಪಾಯಿತು. ಕತ್ತಿನ ನರ ಹಗ್ಗದಂತೆ ಉಬ್ಬಿತು. ಡಾಕ್ಟರಮ್ಮನ ಕಣ್ಣು ಮಾಪಕದ ಮೇಲೆ, ಮುಳ್ಳು ಇಳಿಯಲು ಒಪ್ಪುತ್ತಿಲ್ಲ.

“ಏನ್ ಮಾಡ್ತಿದೀರಿ? ಉಸಿರು ಬಿಡ್ರೀ!”

ಬಿಡಬೇಕೆಂದು ಡ್ರೈವರಿಗೂ ಆಸೆಯಿತ್ತು. ಆದರೆ ಇದು ಪ್ರಯಾಣಿಕರ ಕೂಗು. ಪ್ರಯಾಣಿಕರು ಕೂಗಿದರೆಂದು ಗಾಡಿ ಬಿಡುವುದುಂಟೆ? ಕಣ್ಣ ಮುಂದೆ ಗೇಟಿನ ಸ್ಟೂಲು ತೇಲಿಬಂತು. ‘ಬಿಡು’ ಎನ್ನುತ್ತಿತ್ತು ಜೀವ; ‘ಆಗಿಲ್ಲ ಇನ್ನೂ’ ಎನ್ನುತ್ತಿತ್ತು ಮೈ.

“ಯಾರಾದ್ರೂ ಬನ್ನಿ! ಇವ್ರು ಉಸಿರು ಕಟ್ಕೊಂಡ್ಬಿಟ್ಟಿದಾರೆ!”

ಬಾಗಿಲು ಧಡಾರನೆ ತೆರೆದು ಕಂಡಕ್ಟರಮ್ಮ ಒಳಗೆ ನುಗ್ಗಿದರು. ಗಂಡನ ನೇರಳೆ ಮುಖ ನೋಡಿದರು, ಕಿಟಕಿಯ ಕಡೆ ಕಿವಿಗೊಟ್ಟರು, ಕ್ಷಣದಲ್ಲಿ ವಿಷಯ ಅರ್ಥವಾಯಿತು.

“ರೈಟ್! ರೈಟ್!”

ಡ್ರೈವರು ಬಿಟ್ಟ ಉಸಿರಿಗೆ ಮೇಜಿನ ಮೇಲಿದ್ದ ಚೀಟಿಗಳು ಹಾರಿ ಡಾಕ್ಟರಮ್ಮನ ಮಡಿಲಿಗೆ ಬಿದ್ದವು.

ವಿಷಯ ಕೇಳಿ ಡಾಕ್ಟರಮ್ಮ ನಗಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದರು. “ಹೀಗೆ ಬಿಗಿಹಿಡಿದು ತಡೆದ್ರೆ ಒತ್ತಡ ಇನ್ನೂ ಏರುತ್ತೆ. ತಡೆಯೋದೇ ಬೇಡ. ಎಳ್ಕೊಳ್ಳೋದಕ್ಕಿಂತ ಬಿಡೋದು ಉದ್ದ ಇರ್ಲಿ, ಸಾಕು. ಸ್ವಲ್ಪ ಹೊತ್ತು ಸುಮ್ನೆ ಕೂತಿರಿ, ಮತ್ತೆ ನೋಡ್ತೀನಿ.” ಕಿಟಕಿ ಮುಚ್ಚಿದರು. ಕಂಡಕ್ಟರಮ್ಮ ಪಕ್ಕದಲ್ಲಿ ಮಾತಿಲ್ಲದೆ ನಿಂತರು. (ಮದುವೆಯಾದ ಮೇಲೆ ಇಷ್ಟು ಹೊತ್ತು ಅವರು ಮೌನವಾಗಿದ್ದದ್ದು ಅದೇ ಮೊದಲು.) ಪಟ್ಟಿ ಮತ್ತೆ ತೋಳನ್ನು ಹಿಂಡಿತು, ಸಡಿಲವಾಯಿತು. ಡಾಕ್ಟರಮ್ಮ ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಂಡು ತಲೆಯಾಡಿಸಿದರು.

“ಸರಿಯಾಗಿದೆ. ಫಿಟ್ ಅಂತ ಬರೀತೀನಿ.”

ಅಲ್ಲಿಗೆ ಗಂಡ ಹೆಂಡತಿ ಹಿತ್ತಲ ಮೆಟ್ಟಿಲಿನಿಂದ ಇಳಿದು ಹೋಗಿದ್ದರೆ ಕತೆ ಸುಖಾಂತವಾಗುತ್ತಿತ್ತು. ಆದರೆ ಹೊರಗೆ ಸರದಿಗೆ ಕಾದಿದ್ದ ಡ್ರೈವರುಗಳೆಲ್ಲ ಸುತ್ತುವರಿದರು. “ಏನಣ್ಣಾ ಗಲಾಟೆ? ಹೋದ ವಾರ ಏರಿದ್ದು ಅಷ್ಟು ಬೇಗ ಹೆಂಗೆ ಇಳೀತು?”

“ಬನ್ರೀ ಹೋಗೋಣ” ಎಂದು ಕಂಡಕ್ಟರಮ್ಮ ತೋಳು ಚಿವುಟಿದರು.

ಡ್ರೈವರು ಗಂಟಲು ಸರಿಮಾಡಿಕೊಂಡರು. “ನೋಡಿ ತಮ್ಮಂದಿರಾ, ಎದೆಗೂ ಹೊಟ್ಟೆಗೂ ನಡುವೆ ಒಂದು ಪರದೆ ಇದೆ. ವಪೆ ಅಂತಾರೆ. ಅದು ಇಳಿದ್ರೆ ಉಸಿರು ತಳ ಮುಟ್ಟುತ್ತೆ. ನಿಧಾನಕ್ಕೆ ಬಿಟ್ರೆ ಹೃದಯಕ್ಕೆ ತಾನಾಗಿ ಬ್ರೇಕ್ ಬೀಳುತ್ತೆ. ನೀವೆಲ್ಲ ಭುಜದಲ್ಲಿ ಉಸಿರಾಡ್ತಿದೀರಿ!”

ಕಂಡಕ್ಟರಮ್ಮ ಇನ್ನೊಮ್ಮೆ ಚಿವುಟಿದರು. ಗಲಾಟೆ ಕೇಳಿ ಮೇಲೆ ಬಂದಿದ್ದ ಡಿಪೋ ಮ್ಯಾನೇಜರು ಹಿಂದೆ ನಿಂತು ಕೇಳುತ್ತಿದ್ದುದನ್ನು ಆಕೆ ಕಂಡಿದ್ದರು. ಡ್ರೈವರೂ ಕಂಡರು, ಕಂಡದ್ದರಿಂದಲೇ ದನಿ ಏರಿಸಿದರು.

“ಒಂದೇ ವಾರ ನನ್ನ ಕೈಗೆ ಕೊಡಿ ಸಾರ್ ಇವ್ರನ್ನ, ಒಬ್ಬೊಬ್ಬರನ್ನೂ ಹದಕ್ಕೆ ತಂದು ಕೊಡ್ತೀನಿ!”

“ಕೊಟ್ಟೆ!” ಎಂದರು ಮ್ಯಾನೇಜರು. “ವಾರ ಯಾಕ್ರೀ, ಕಾಯಂ ಕೊಟ್ಟೆ. ಡ್ರೈವರುಗಳ ಆರೋಗ್ಯಕ್ಕೆ ಅಂತ ಒಬ್ಬ ತರಬೇತುದಾರನ್ನ ಹುಡುಕಿ ಅಂತ ಮೇಲಿಂದ ದಿನಾ ಫೋನು. ಕ್ಯಾಂಟೀನಿನ ಹಿಂದಿನ ಹಾಲ್ ಖಾಲಿ ಇದೆ. ನಾಳೆಯಿಂದ ನೀವು ಅಲ್ಲಿ.”

ಡ್ರೈವರ ಹೊಟ್ಟೆ, ಭುಜ, ವಪೆ ಎಲ್ಲ ಒಟ್ಟಿಗೆ ನಿಂತವು. “ಸಾರ್... ಸ್ಟೇರಿಂಗು? ಡಾಕ್ಟರಮ್ಮ ಫಿಟ್ ಅಂತ ಬರ್ದಿದಾರೆ ಸಾರ್!”

“ಅದಕ್ಕೇ ಅಲ್ವೇನ್ರೀ! ಅನ್‌ಫಿಟ್ ಆದೋರ ಕೈಲಿ ಆರೋಗ್ಯದ ಪಾಠ ಹೇಳ್ಸೋಕ್ಕಾಗುತ್ತಾ? ಸ್ಟೇರಿಂಗ್ ಹಿಡಿಯೋರು ಬೇಕಾದಷ್ಟು ಸಿಗ್ತಾರೆ, ಉಸಿರು ಹಿಡಿಯೋರು ಎಲ್ಲಿ ಸಿಗ್ತಾರೆ?”

ಚಪ್ಪಾಳೆ ಬಿತ್ತು. ಯಾರೋ ಆಗಲೇ “ಮೇಷ್ಟ್ರೇ” ಎಂದರು.

ದಾರಿಯುದ್ದಕ್ಕೂ ಕಂಡಕ್ಟರಮ್ಮ ಎರಡು ಹೆಜ್ಜೆ ಮುಂದೆಯೇ ನಡೆದರು. ಮನೆಯ ತಿರುವಿನಲ್ಲಿ ಡ್ರೈವರೇ ತಡೆಯಲಾರದೆ, “ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತೇನೇ?” ಎಂದರು.

“ತೋಳು ನೋಡ್ಕೊಳ್ಳಿ, ಎಷ್ಟು ಕಡೆ ಹೇಳಿದೀನಿ ಅಂತ” ಎಂದರು ಆಕೆ. ಬೈಗುಳದ ದನಿ ಅರ್ಧದಲ್ಲೇ ಒಡೆಯಿತು. “ನಾಳೆಯಿಂದ ನನ್ನ ಗಾಡಿಗೆ ಯಾರು ಬರ್ತಾರೋ.”

ಬಾಗಿಲಲ್ಲೇ ಕಾಯುತ್ತಿದ್ದ ತಾಯಿ ಸುದ್ದಿ ಕೇಳಿ ಎರಡೂ ಕೈಯೆತ್ತಿದರು. “ಮೇಷ್ಟ್ರಾದ್ಯಾ ಮಗನೇ! ಅಂತೂ ಕೂತು ಮಾಡೋ ಕೆಲಸ ಸಿಕ್ತಲ್ಲಪ್ಪಾ!”

“ಅಮ್ಮಾ, ಬಸ್ಸು ಓಡ್ಸೋದೂ ಕೂತೇ.”

“ಅದ್ರಲ್ಲಿ ದಿನಾ ಬೆಳಗಾದ್ರೆ ಇವಳನ್ನ ಹಿಂದೆ ಕಟ್ಕೊಂಡು ಊರೆಲ್ಲ ಸುತ್ತಬೇಕಿತ್ತಲ್ಲೋ.”

“ಹೂಂ ಅಮ್ಮಾ” ಎಂದರು ಡ್ರೈವರು ಚಪ್ಪಲಿ ಬಿಡುತ್ತ. “ಅದೇ ಹೋಯ್ತಲ್ಲ.”