ಗೂಳಪ್ಪ ಕುದುರೆ ಕೊಂಡ ದಿನ

ಗೂಳಪ್ಪ ಆರಿಸಿದ್ದು ಒಂದೇ ಒಂದು ಸ್ವಿಚ್ಚು. ಊಟಕ್ಕೆ ಬಾ ಅಂತ ಮೂರು ಸಲ ಕರೆದರೂ ಮಗಳು ರೇಣು ಕಂಪ್ಯೂಟರಿನ ಮುಂದಿನಿಂದ ಎದ್ದಿರಲಿಲ್ಲ. ನಾಲ್ಕನೆಯ ಸಲ ಅವನು ಕರೆಯಲಿಲ್ಲ, ಸೀದಾ ಗೋಡೆಗೆ ಕೈ ಹಾಕಿದ. ಕೇರಂ ಬೋರ್ಡು ಬಿಟ್ಟೆದ್ದರೆ ಕಾಯಿಗಳು ಇದ್ದಲ್ಲೇ ಇರುತ್ತವೆ, ಉಂಡು ಬಂದು ಮತ್ತೆ ಆಡಬಹುದು, ಇದೂ ಹಾಗೆಯೇ ಅಂದುಕೊಂಡಿದ್ದ. ಕಂಪ್ಯೂಟರು ಆರಿದರೂ ಆಟ ಆರುವುದಿಲ್ಲ ಎಂಬುದು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಹೇಗೆ ಗೊತ್ತಿರಬೇಕು? ಎಲ್ಲೆಲ್ಲಿಯ ಊರವರೋ ತಂತಿಯ ಮೇಲೆ ಕೂಡಿ ಆಡುವ ಆಟವದು. ಅದರೊಳಗೆ ರೇಣುವಿನ ಗೊಂಬೆ ಮರುಭೂಮಿಯ ನಡುವೆ ನೆಟ್ಟ ಕಲ್ಲಿನ ಹಾಗೆ ನಿಂತುಬಿಟ್ಟಿತು. ಕಳ್ಳರು ಬಂದರು. ನಾಲ್ಕು ತಿಂಗಳು ಆಡಿ ಗಳಿಸಿದ್ದ ಬಿಳಿ ಕುದುರೆಯನ್ನು ಹಗ್ಗ ಹಿಡಿದು ಎಳೆದುಕೊಂಡು ಹೋದರು.

ಅಂದಿನಿಂದ ಎಂಟು ದಿನ ರೇಣು ಅಪ್ಪನ ಕೂಡ ಮಾತು ಬಿಟ್ಟಿದ್ದಳು. ಅಪ್ಪ ಮೂರು ಅಡಿ ದೂರದಲ್ಲಿ ಕೂತಿದ್ದರೂ, "ಅವ್ವಾ, ಚಹಾ ಆರ್ಲಿಕ್ಕತ್ತದ ಅಂತ ಹೇಳು ಅವರಿಗೆ" ಅನ್ನುವಳು. ಆ 'ಅವರಿಗೆ' ಅನ್ನುವುದು ಗೂಳಪ್ಪನಿಗೆ ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಚುಚ್ಚುತ್ತಿತ್ತು.

ಲಕ್ಷ್ಮಿ ರಸ್ತೆಯ ಸೀರೆ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಸೀರೆ ಬಿಚ್ಚುತ್ತಾ ಮಡಚುತ್ತಾ ಬಂದವನು ಅವನು. ದಿನವಿಡೀ ಗದ್ದಲದಲ್ಲಿ ನಿಂತು ಕೋಥರೂಡದ ಬಸ್ಸಿನಲ್ಲಿ ಜೋತು ಮನೆಗೆ ಬಂದರೆ, ಚಪ್ಪಲಿ ಬಿಡುವ ಮೊದಲೇ ರೇಣು ಕೇಳುವಳು, "ಅಪ್ಪಾ, ಇವತ್ತ ಯಾರ್ಯಾರ ಬಂದಿದ್ರು?" ನಲವತ್ತು ಸೀರೆ ತೆಗೆಸಿ ಕರ್ಚೀಫು ಕೊಂಡವರ ಕತೆ, ಬಣ್ಣ ಆರಿಸುವುದರಲ್ಲಿ ಮದುಮಗಳ ಸೋದರತ್ತೆ ಜಗಳಾಡಿದ ಕತೆ ಎಲ್ಲ ಅವನು ಹೇಳಬೇಕು, ಅವಳು ನಗಬೇಕು. ಎಂಟು ದಿನದ ಕತೆಗಳು ಹೊಟ್ಟೆಯಲ್ಲೇ ಕೂತಿದ್ದವು. ಕೇಳುವವರಿಲ್ಲ.

ಒಂಬತ್ತನೆಯ ದಿನ ಅಂಗಡಿಗೆ ವಾರದ ರಜೆ. ಗೂಳಪ್ಪ ಇಸ್ತ್ರಿ ಅಂಗಿ ತೊಟ್ಟು ಮೆಟ್ಟಿಲಿಳಿದ. ಕೆಳಗೆ ಚನ್ನವೀರ ಸಿಕ್ಕ. ಅದೇ ಅಂಗಡಿಯಲ್ಲಿ ಕೆಲಸ, ಅದೇ ಕಟ್ಟಡದಲ್ಲಿ ಮನೆ, ಊರ ಉಸಾಬರಿಯೆಲ್ಲ ಅವನದೇ.

"ಮುಂಜಾನೆದ್ದು ಎಲ್ಲಿಗ್ರಿ ಗೂಳಪ್ಪಣ್ಣಾ?"

"ಕುದರಿ ತರಾಕ."

ಚನ್ನವೀರ ಒಂದು ಕ್ಷಣ ಮೇಲೆ ನೋಡಿದ. "ಮೂರನೇ ಮಜಲಿಗಿ? ಲಿಫ್ಟಿನ್ಯಾಗ ಹಿಡಸ್ತದೇನ್ರಿ?"

ವಿಷಯ ಹೇಳಿದ ಮೇಲೆ ಅವನು ಕರೆಯದೆಯೇ ಬೆನ್ನು ಹತ್ತಿದ. ಇಬ್ಬರೂ ಮೂಲೆಯ ಸೈಬರ್ ಕೆಫೆಗೆ ಹೋದರು. ಅಲ್ಲಿ ಹಣ ಎಣಿಸಿಕೊಳ್ಳಲು ಕೂರುವವಳು ಸ್ನೇಹಲ್, ಪಕ್ಕದ ಮನೆಯ ಕೃಷ್ಣಾಬಾಯಿಯ ಮಗಳು, ರೇಣುವಿನ ಗೆಳತಿ. ಅವಳೂ ಅದೇ ಆಟ ಆಡುವವಳು.

"ತೊಗೊಂಡು ರೇಣುನ ಹೆಸರಿಗೆ ಕಳಸಾಕ ಬರ್ತದ್ರಿ ಕಾಕಾ," ಅಂದಳು. "ಆಟದಾಗನ ಒಂದು ಅಂಗಡಿ ಅದ. ನಮ್ಮಲ್ಲಿ ಕಾರ್ಡ್ ತೊಗೊಂಡು ಕೆರದು ನಂಬರ್ ಹಾಕಿದ್ರ ಅಲ್ಲಿ ನಾಣ್ಯ ಸಿಗ್ತಾವ."

ಗೂಳಪ್ಪ ಒಂದು ಕಾರ್ಡು ಕೊಂಡ, ಅಂಗಡಿ ತೆರೆಯಿತು. ದೀಪಾವಳಿಯ ಹಿಂದಿನ ದಿನ ಮಂಡಯಿ ಪೇಟೆಯಲ್ಲಿ ನಿಂತ ಹಾಗಾಯಿತು ಗೂಳಪ್ಪನಿಗೆ. ಎಲ್ಲ ಕಡೆ ಮಿಣಮಿಣ. ಸ್ನೇಹಲ್ ಓದಿ ಹೇಳಿದಳು: ಮಹಾ ಮಾರಾಟ. ಎಂಬತ್ತು ಟಕ್ಕೆ, ಅಂದರೆ ನೂರಕ್ಕೆ ಎಂಬತ್ತರವರೆಗೆ, ಕಡಿತ. ಆಯ್ದ ವಸ್ತುಗಳಿಗೆ. ಬಿಳಿ ಕುದುರೆ ಸಿಗಬಹುದಾದ ಅದೃಷ್ಟದ ಪೆಟ್ಟಿಗೆ. ಇನ್ನು ಮೂರೇ ತಾಸು.

ಗೂಳಪ್ಪ ನಕ್ಕ. ಇಂಥ ಬೋರ್ಡುಗಳನ್ನು ತನ್ನ ಕೈಯಿಂದಲೇ ಎಷ್ಟು ಕಟ್ಟಿಲ್ಲ? ಅಂಕಿ ಆನೆಯಷ್ಟು, ಪಕ್ಕದ 'ವರೆಗೆ' ಇರುವೆಯಷ್ಟು. ನಗುತ್ತಲೇ ಒಂದು ಮುಖ ನೆನಪಾಯಿತು. ಹತ್ತು ವರ್ಷದ ಹಿಂದೆ ಭೋರ್ ಕಡೆಯ ಮುದುಕಿಯೊಬ್ಬಳು ಬಂದಿದ್ದಳು, ನೂರು ರೂಪಾಯಿಯ ಸೀರೆಯೆಂದು ಎರಡು ಬಸ್ಸು ಬದಲಿಸಿ. ಬೋರ್ಡಿನಲ್ಲಿ ಇದ್ದದ್ದು ನೂರರಿಂದ ಮೇಲಕ್ಕೆ ಎಂದು. ನೂರರದು ಇದ್ದವು ಎರಡೇ, ಎರಡಕ್ಕೂ ಅಂಚು ಹರಿದಿತ್ತು. ಅವಳು ಜಗಳ ಮಾಡಲಿಲ್ಲ. ಹರಿದ ಸೀರೆಯನ್ನು ತಾನೇ ನೀಟಾಗಿ ಮಡಚಿ ಇಟ್ಟು, ನೀರು ಕುಡಿದು ಹೋದಳು. ಬೋರ್ಡು ಸುಳ್ಳೇನೂ ಹೇಳಿರಲಿಲ್ಲ. ಆದರೂ ಆ ಮಡಿಕೆ ಅವನ ಕಣ್ಣಿನಿಂದ ಇನ್ನೂ ಹೋಗಿಲ್ಲ.

"ಪೆಟ್ಟಿಗಿ ತೊಗೊಂಡು ನೋಡೂಣ್ರಿ," ಅಂದ ಚನ್ನವೀರ. ಗೂಳಪ್ಪ ಬೇಡ ಅನ್ನುವಷ್ಟರಲ್ಲಿ ಅವನ ಬೆರಳು ಒತ್ತಿಯಾಗಿತ್ತು. ಪೆಟ್ಟಿಗೆ ಬಾಯಿ ತೆರೆದು ಒಂದು ಜೀನು ಉಗುಳಿತು.

"ಜೀನ ಬಂತಲ್ಲ, ಕುದರಿನೂ ಹಿಂದಿಂದ ಬರ್ತದ."

"ಕುದರಿ ಇಲ್ಲದ ಜೀನ ನಿನ್ನ ಬೆನ್ನಿಗೆ ಕಟ್ಟಲೇನು?" ಅಂದ ಗೂಳಪ್ಪ. ಆಮೇಲೆ ಸ್ನೇಹಲ್ ಕಡೆ ತಿರುಗಿದ. "ತಂಗೀ, ಪೆಟ್ಟಿಗಿ ಬ್ಯಾಡ. ಬರೇ ಕುದರಿ ಕೊಡ್ತಾರೇನು?"

"ಕೊಡ್ತಾರ್ರಿ. ಆದ್ರ ಭಾಳ ತುಟ್ಟಿ."

"ಅಂಗಡಿಯವರ ಎಲ್ಲಿ ಕುಂತಿರ್ತಾರ?"

"ಯಾರೂ ಇಲ್ರಿ ಕಾಕಾ."

"ಯಾರೂ ಇಲ್ಲದ ಅಂಗಡ್ಯಾಗ ಚೌಕಾಶಿ ಯಾರ ಕೂಡ ಮಾಡೂದು? ಬ್ಯಾಡ, ಬಂದ್ ಮಾಡು." ಗೂಳಪ್ಪ ಕುರ್ಚಿ ಬಿಟ್ಟೆದ್ದ. ಸ್ನೇಹಲ್ ಮೂಲೆಯ ಗುರುತು ಒತ್ತಿದಳು. ತಕ್ಷಣ ನಡುವೆ ಒಂದು ಚೌಕ ಎದ್ದು ನಿಂತಿತು: ಹೋಗಬೇಡಿ. ನಿಮಗಾಗಿ ಮಾತ್ರ, ಇನ್ನೂ ಹತ್ತು ಟಕ್ಕೆ ಕಡಿಮೆ.

ಗೂಳಪ್ಪನ ಮುಖ ಅರಳಿತು. ಗಿರಾಕಿ ಎದ್ದು ಎರಡು ಹೆಜ್ಜೆ ಹಾಕಬೇಕು, ಅಂಗಡಿಯವ ಹಿಂದಿನಿಂದ ಕೂಗಬೇಕು. ಪೇಟೆ ಹುಟ್ಟಿದಾಗಿನಿಂದ ನಡೆದು ಬಂದ ಪದ್ಧತಿ. ಈ ಅಂಗಡಿಯಲ್ಲೂ ಯಾರೋ ನಮ್ಮವರೇ ಇದ್ದಾರೆ. "ಕರದ ನೋಡು," ಅಂದ. "ಈಗ ಕುಂಡ್ರಬಾರ್ದು. ಮತ್ತ ಬಂದ್ ಮಾಡು."

ಈ ಸಲ ಸುಮ್ಮನೆ ಏಳಲಿಲ್ಲ, ಚಪ್ಪಲಿ ಮೆಟ್ಟಿ ಬಾಗಿಲ ಹೊರಗೆ ಫುಟ್‌ಪಾತಿನವರೆಗೂ ನಡೆದ. ಒಳಗಿನಿಂದ ಚನ್ನವೀರ ಓಡಿ ಬಂದ. "ಬರ್ರಿ, ಬರ್ರಿ, ಇಪ್ಪತ್ತ ಟಕ್ಕೆ ಬಿಡ್ತೀನಂತಾನ. ಮ್ಯಾಲ ಮೇವು ಫುಕಟ್."

ಕೆಫೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಪರದೆ ಬಿಟ್ಟು ಸುತ್ತ ನೆರೆದರು. ಮೆಂತ್ಯದ ಸೂಡು ಹಿಡಿದು ಮಗಳನ್ನು ನೋಡಲು ಬಂದ ಕೃಷ್ಣಾಬಾಯಿಯೂ ನಿಂತಳು. "ಇನ್ನ ಸ್ವಲ್ಪ ದೂರ ಹೋಗ್ರಿ ಅಣ್ಣಾರ," ಅಂದಳು. "ರಿಕ್ಷಾ ಸ್ಟ್ಯಾಂಡ್ ತನಕ. ಬಾಂಡೆ ಅಂಗಡಿಯವ ನನ್ನ ಅಲ್ಲೀತನಕ ಬಿಟ್ಟ ಮ್ಯಾಲನ ಕರದಿದ್ದ."

ಗೂಳಪ್ಪ ರಿಕ್ಷಾ ಸ್ಟ್ಯಾಂಡಿನವರೆಗೂ ಹೋದ. ಒಬ್ಬ ರಿಕ್ಷಾದವ ಎಲ್ಲಿಗೆ ಎಂದು ಕೇಳಿದ್ದಕ್ಕೆ, "ಎಲ್ಲಿಗೂ ಇಲ್ಲಪ್ಪಾ, ಕರೀತಾರಂತ ನಿಂತೀನಿ," ಅಂದ. ಕರೆದರು. ಅರ್ಧ ಬೆಲೆಗೆ ಕುದುರೆ. ಅವನು ಹೊರಗೆ ಹೋದಾಗಲೆಲ್ಲ ಚೌಕದ ಅಡಿಯಲ್ಲಿ ಒಂದೊಂದು ಸಣ್ಣ ಸಾಲು ಕೂಡಿಕೊಳ್ಳುತ್ತಿತ್ತು. ಚಪ್ಪಾಳೆಯ ನಡುವೆ ಅದನ್ನು ಓದುವ ವ್ಯವಧಾನ ಯಾರಿಗಿತ್ತು? ಕನ್ನಡಕಕ್ಕೆಂದು ಇಟ್ಟ ಹಣ ಕಾರ್ಡುಗಳಿಗೆ ಹೋಯಿತು. ಸ್ನೇಹಲ್ ರೇಣುವಿನ ಹೆಸರು ಬರೆದು ಕುದುರೆ ಕಳಿಸಿದಳು. ಆಮೇಲೆ ಪರದೆಗೆ ಮೂಗು ತಾಗುವಷ್ಟು ಬಾಗಿದಳು.

"ಕಾಕಾ, ಇಲ್ಲೊಂದು ಸಣ್ಣ ಅಕ್ಷರ ಅದ ನೋಡ್ರಿ."

"ಏನಂತ?"

"ಕುದರಿ ಏಳು ದಿನ ಅಷ್ಟ ಇರ್ತದಂತ. ಹತ್ತಿದ್ರೂ ಹತ್ತದಿದ್ರೂ ಎಣಿಕಿ ಇವತ್ತಿಂದನ ಸುರು. ವಾಪಸ್ ತೊಗೊಳ್ಳೂದಿಲ್ಲ."

ನೆರೆದವರು ಒಬ್ಬೊಬ್ಬರಾಗಿ ತಮ್ಮ ಪರದೆಗಳಿಗೆ ಮರಳಿದರು. ಚನ್ನವೀರನಿಗೆ ಏನೋ ತುರ್ತು ಕೆಲಸ ನೆನಪಾಯಿತು. ಕೃಷ್ಣಾಬಾಯಿ ಮಾತ್ರ, "ಹೋಗ್ಲಿ ಬಿಡ್ರಿ, ಮೇವರ ಉಳೀತಲ್ಲ," ಅಂದಳು.

ಗೂಳಪ್ಪ ದಿನವೆಲ್ಲ ಅಲ್ಲಿ ಇಲ್ಲಿ ಸುತ್ತಿ ದೀಪ ಹಚ್ಚುವ ಹೊತ್ತಿಗೆ ಮನೆಗೆ ನಡೆದ. ದಾರಿಯುದ್ದಕ್ಕೂ ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡ. ಏಳು ದಿನವಾದರೇನಾಯಿತು, ತನಗೆ ಬೇಕಾದದ್ದು ಒಂದು ಮಾತು. ಒಂದು ಮಾತಿಗೆ ಏಳು ದಿನದ ಕುದುರೆ ಸಾಲದೇ?

ಬಾಗಿಲಲ್ಲಿ ಹೆಂಡತಿ ಪಾರವ್ವ ನಗುತ್ತ ನಿಂತಿದ್ದಳು. "ಲಗೂನ ಕೈಕಾಲು ತೊಳ್ಕೊರ್ರಿ. ನಿಮ್ಮ ಮಗಳು ನಿಮ್ಮ ಕೂಡ ಉಣ್ತೀನಂತ ಹಸಕೊಂಡು ಕುಂತಾಳ."

"ನನ್ನ ಕೂಡ?"

"ಹೂಂ. ಮಧ್ಯಾಹ್ನದಾಗ ತಾನ ಬಂದು ಹೇಳಿದ್ಲು. ಎಂಟು ದಿನ ಕುದರಿ ಇಲ್ಲದ ಆಟಾನ ಬ್ಯಾಸರಾತಂತ. ಹಳೇ ಪುಸ್ತಕ ತಗದು ಓದಾಕತ್ತಿದ್ಲು. ಅಪ್ಪ ಅವತ್ತ ಆರಿಸಿದ್ದ ಚಲೋ ಆತು, ಅವರ ಕತೀ ಕೇಳಿ ಭಾಳ ದಿನಾತು ಅಂದ್ಲು."

ಗೂಳಪ್ಪನಿಗೆ ಕೈ ತೊಳೆದ ನೀರು ಒರೆಸಿಕೊಳ್ಳಲೂ ತಿಳಿಯಲಿಲ್ಲ. ಒಳಗೆ ರೇಣು ಎರಡು ತಾಟು ಹಾಕಿ ಕೂತಿದ್ದಳು. ಅಪ್ಪನನ್ನು ನೋಡಿ ಕಣ್ಣು ತಗ್ಗಿಸಿ ಮೆಲ್ಲಗೆ ನಕ್ಕಳು. ಬಾಯಿ ತೆರೆದಳು.

ಫೋನು ಬಡಿಯಿತು.

"ಹಲೋ. ಹಾಂ ಸ್ನೇಹಲ್, ಹೇಳು. ಯಾರ? ಖರೇನ? ಬಿಳೀದ? ಏಳು ದಿನಾನ?" ರೇಣು ಗೋಡೆಯ ಗಡಿಯಾರ ನೋಡಿದಳು. "ಮುಂಜಾನಿಂದ ಎಣಿಕಿ ಸುರು ಆಗ್ಯದ? ಅರ್ಧಾ ದಿನಾ ಆಗ್ಲೇ ಹೋತಲ್ಲ."

ಅವಳು ತಾಟು ದಾಟಿ ಒಳಕೋಣೆಗೆ ಓಡಿದಳು. ಕಂಪ್ಯೂಟರು ಗುಂಯ್ ಅಂದಿತು.

ಪಾರವ್ವ ಗಂಡನ ಮುಖ ನೋಡಿದಳು. "ನೀವ ಕೊಡಿಸಿದ್ರೇನ್ರಿ?"

ಗೂಳಪ್ಪ ತಾಟಿನ ಮುಂದೆ ಕೂತ. ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿದ, ಎದುರಿನ ತಾಟನ್ನು ನೋಡುತ್ತ ಬಹಳ ಹೊತ್ತು ಅದನ್ನೇ ಅಗಿದ. ಹೇಳಬೇಕೆಂದುಕೊಂಡ ಒಂಬತ್ತು ದಿನದ ಕತೆಗಳು ಒಂದೊಂದಾಗಿ ಗಂಟಲಿನಿಂದ ಕೆಳಗಿಳಿದವು.

ಆಗ ಒಳಗಿನಿಂದ ಕೂಗು ಬಂತು. "ಅಪ್ಪಾ."

ಒಂಬತ್ತು ದಿನದ ಮೇಲೆ ಕೇಳಿದ ಶಬ್ದ. ಗೂಳಪ್ಪ ಎಂಜಲ ಕೈಯಲ್ಲೇ ಎದ್ದು ಕೋಣೆಯ ಬಾಗಿಲಿಗೆ ಬಂದ. "ಏನವ್ವಾ?"

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಆ ಬಾಗಲಾ ಹಾಕ್ಕೊಂಡು ಹೋಗಪಾ. ಕುದರಿ ಸಪ್ಪಳ ಕೇಳಸವಲ್ದು."

ಗೂಳಪ್ಪ ಎಡಗೈಯಿಂದ, ಸಪ್ಪಳವಾಗದ ಹಾಗೆ, ಬಾಗಿಲು ಎಳೆದುಕೊಂಡ.