ಒಂದು ಪತ್ರ ಕೇಳಿದರೆ ಇಡೀ ಕಚೇರಿಯನ್ನೇ ಕೊಡುವ ಪೆಟ್ಟಿಗೆಯವರಿಗೆ

ನೆಲಮಾಳಿಗೆಯ ತಂಪು ಕೋಣೆಯಲ್ಲಿ ಮೂರು ಹಸಿರು ದೀಪ ಉರಿಸಿಕೊಂಡು ವಿರಾಜಮಾನರಾಗಿರುವ ಬ್ಯಾಕಪ್ ಪೆಟ್ಟಿಗೆಯವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಬಾಗಿಲಿನ ಗಾಜಿನಿಂದ ದಿನವೂ ಇಣುಕಿ ತಿಳಿದುಕೊಳ್ಳುತ್ತಿದ್ದೇನೆ. ಲಿಫ್ಟ್ ರಿಪೇರಿ ಮಾಡುವ ನಮ್ಮ ಕಂಪನಿಯಲ್ಲಿ ಎ.ಸಿ. ಇರುವುದು ಎರಡೇ ಕಡೆ, ಒಂದು ಮ್ಯಾನೇಜರ್ ಸಾಹೇಬರಿಗೆ, ಇನ್ನೊಂದು ತಮಗೆ. ಪಕ್ಕದ ಉಗ್ರಾಣದಲ್ಲಿ ಬೋಲ್ಟು, ಬೇರಿಂಗು, ಗ್ರೀಸ್ ಡಬ್ಬಿಗಳ ನಡುವೆ ಹತ್ತೊಂಬತ್ತು ವರ್ಷಗಳಿಂದ ಕೂತಿರುವ ನಾನು ತಮ್ಮ ನೆರೆಯವಳು. ಈ ಪತ್ರದ ಒಂದು ಪ್ರತಿಯನ್ನು ನೋಟಿಸ್ ಬೋರ್ಡಿಗೂ ಅಂಟಿಸುತ್ತಿರುವುದು ತಮ್ಮ ಕೀರ್ತಿ ಮಹಡಿ ಮಹಡಿಗೂ ಹರಡಲಿ ಎಂಬ ಒಂದೇ ಉದ್ದೇಶದಿಂದ.

ನನ್ನ ಅಕ್ಕನನ್ನು ತಾವು ಬಲ್ಲಿರಿ. ಮೂರನೇ ಮಹಡಿಯಲ್ಲಿ ದೂರಿನ ಫೋನು ಎತ್ತುತ್ತಿದ್ದವಳು. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಗಾಬರಿಯಾಗಿ ಕಿರುಚಿದರೆ, "ಕೂತ್ಕೊಳ್ಳಿ, ಚಪ್ಪಲಿ ಬಿಚ್ಚಿ, ಇವತ್ತು ಮನೇಲಿ ಏನಡುಗೆ ಹೇಳಿ" ಎಂದು ಮೆಕ್ಯಾನಿಕ್ ತಲುಪುವ ತನಕ ಅವರನ್ನು ಮಾತಿಗೆಳೆಯುತ್ತಿದ್ದಳು. ಒಂದೇ ಮನೆಯಲ್ಲಿದ್ದರೂ ನನಗೆ ಮಧ್ಯಾಹ್ನಕ್ಕೊಂದು ಇಮೇಲ್ ತಪ್ಪುತ್ತಿರಲಿಲ್ಲ. ಎದುರಿಗೆ ಬೈದರೆ ನಾನು ಅಳುತ್ತೇನೆಂದು ಬೈಗುಳವನ್ನೆಲ್ಲ ಬರೆದೇ ಕಳಿಸುತ್ತಿದ್ದಳು. "ಗ್ಯಾಸ್ ಆಫ್ ಮಾಡಿರ್ಲಿಲ್ಲ. ನಾನ್ ಮಾಡ್ದೆ. ಉಗ್ರಾಣ ಹೆಂಗ್ ನೋಡ್ಕೋತೀಯೋ ಕಾಣೆ." ಇಷ್ಟೇ, ಎರಡು ಸಾಲು.

ಏಳು ತಿಂಗಳ ಹಿಂದಿನ ಒಂದು ಮಂಗಳವಾರ ಬೆಳಿಗ್ಗೆ ಬೀರುವಿನ ಬೀಗದ ಕೈ ವಿಷಯಕ್ಕೆ ನಮ್ಮಿಬ್ಬರಿಗೆ ಮಾತಿಗೆ ಮಾತು ಬೆಳೆಯಿತು. ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ "ಇದನ್ನ ಮೊದಲು ಓದು" ಎಂಬ ತಲೆಬರಹದ ಇಮೇಲ್ ಬಂತು. ಸಿಟ್ಟಿನಲ್ಲಿದ್ದೆ, ತೆರೆಯಲಿಲ್ಲ. ಆ ಸಂಜೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಅಕ್ಕನ ಹೃದಯ ನಿಂತುಹೋಯಿತು. ಆಮೇಲೆ ತೆರೆಯುವ ಧೈರ್ಯ ಬರಲಿಲ್ಲ. ನಾಳೆ ಓದೋಣ, ನಾಡಿದ್ದು ಓದೋಣ ಎಂದು ನಾಲ್ಕು ತಿಂಗಳು ಕಳೆದೆ.

ಅಷ್ಟರಲ್ಲಿ ಸುತ್ತೋಲೆ ಬಂತು: ಮೂರು ತಿಂಗಳಿಂದ ಓದದೆ ಬಿದ್ದಿರುವ ಪತ್ರಗಳನ್ನೆಲ್ಲ ಅಳಿಸತಕ್ಕದ್ದು. ವಿಧೇಯಳಾಗಿ ಅಳಿಸಿದೆ. ನಮ್ಮ ಉಗ್ರಾಣದಲ್ಲಿ ಬಿಸಾಡಿದ ವಸ್ತು ಗುಜರಿ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ, ಬೇಕಾದವರು ಬೇಕಾದಾಗ ಎತ್ತಿಕೊಳ್ಳುತ್ತಾರೆ. ಕಂಪ್ಯೂಟರಿನ ಕಸದ ಬುಟ್ಟಿಯೂ ಅಷ್ಟೇ ಸಾವಧಾನದ್ದೆಂದು ನಂಬಿದ್ದೆ. ಅದು ಮೂವತ್ತನೇ ದಿನಕ್ಕೆ ತನ್ನನ್ನು ತಾನೇ ಗುಡಿಸಿಕೊಳ್ಳುತ್ತದೆಂದು ಮೂವತ್ತೊಂದನೇ ದಿನ ತಿಳಿಯಿತು.

ಕಚೇರಿಯ ಪ್ರತಿ ಇಮೇಲಿನ ನಕಲೂ ತಮ್ಮ ಹೊಟ್ಟೆಯಲ್ಲಿ ಭದ್ರವಾಗಿದೆಯೆಂದು ಕೇಳಿ ತಮ್ಮ ಬಳಿ ಬಂದೆ. ತಮ್ಮ ಪರಿಚಾರಕರು, ಯಾವುದನ್ನೂ ಎರಡು ಸಲ ವಿವರಿಸುವುದರಿಂದ ನಾವೆಲ್ಲ ಮೇಷ್ಟ್ರು ಎಂದು ಕರೆಯುವವರು, ಹೇಳಿದರು: "ಅಕ್ಕೋರೇ, ಇದು ಕೊಟ್ರೆ ಇಡೀ ಆಫೀಸೇ ಕೊಡುತ್ತೆ. ಒಂದೇ ಒಂದು ಕಾಗದ ಕೊಡಪ್ಪ ಅಂದ್ರೆ ಅದಕ್ಕೆ ಅರ್ಥಾನೇ ಆಗಲ್ಲ." ಎಂಥ ಉದಾರ ಮನಸ್ಸು ತಮ್ಮದು. ಒಂದು ಚಮಚ ಸಕ್ಕರೆ ಕೇಳಲು ಹೋದವಳಿಗೆ ಇಡೀ ಅಂಗಡಿ ಹೊತ್ತುಕೊಂಡು ಹೋಗು ಎನ್ನುವ ನೆರೆಯವರು ಯಾರಿಗೆ ಸಿಗುತ್ತಾರೆ? ಕ್ಯಾಂಟೀನಿನಲ್ಲಿ ಕಳೆದ ಟಿಫನ್ ಡಬ್ಬಿಯ ಮುಚ್ಚಳದ ಪ್ರಕಟಣೆಯನ್ನು ಒಂಬತ್ತು ಪ್ರತಿಗಳಲ್ಲಿ ಕಾಪಾಡಿರುವ ತಮ್ಮ ನಿಷ್ಠೆಗೆ ಏನು ಹೇಳಲಿ?

ಅರ್ಜಿಯನ್ನೂ ತುಂಬಿದೆ. ಅದರಲ್ಲಿ "ಪತ್ರ ಕಳುಹಿಸಿದವರ ಒಪ್ಪಿಗೆ ಸಹಿ, ಕಡ್ಡಾಯ" ಎಂದಿತ್ತು. ಸಾಹೇಬರನ್ನು ಕೇಳಿದರೆ, ಮೂರು ದಿನ ಸಂತಾಪ ಸೂಚಿಸಿದ್ದವರೇ, "ಮನೇಲೇ ಇರ್ತಾರಲ್ಲ, ಹಾಕಿಸ್ಕೊಂಡ್ ಬನ್ನಿ" ಎಂದರು. ಆಮೇಲೆ ನೆನಪಾಗಿ, "ಸರಿ, ರಜೆಯಲ್ಲಿದ್ದಾರೆ ಅಂತ ಬರೀರಿ" ಎಂದರು. ಬರೆದೆ. ರಜೆ ಎಷ್ಟು ದಿನ ಎಂಬ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ.

ಮೇಷ್ಟ್ರ ಉಪಾಯದಿಂದ ತಮ್ಮ ಪಟ್ಟಿಯಲ್ಲಿ ಆ ಇಮೇಲಿನ ಹೆಸರು, ಹೊತ್ತು, ಗಾತ್ರ ಮಾತ್ರ ಕಾಣಿಸಿತು. ಅಷ್ಟು ಗಾತ್ರದ ಪತ್ರ ಎಷ್ಟುದ್ದ ಇರಬಹುದು ಎಂದೆ. ಹೆಚ್ಚು ಕಡಿಮೆ ಒಂದು ಪುಟ ಎಂದರು, ಎರಡು ಸಲ. ಮಾನ್ಯರೇ, ಬೈಯಲು ನನ್ನ ಅಕ್ಕನಿಗೆ ಒಂದು ಪುಟ ಬೇಕಿರಲಿಲ್ಲ. ಬೇರೇನೋ ಬರೆದಿದ್ದಾಳೆ.

ಆ ಪುಟ ಬೇಕಾದರೆ ಇಡೀ ಕಚೇರಿ ಆ ಮಂಗಳವಾರಕ್ಕೆ ಹಿಂದಿರುಗಬೇಕಂತೆ, ಆಮೇಲೆ ಬಂದ ಇಮೇಲುಗಳನ್ನೆಲ್ಲ ಎಲ್ಲರೂ ಕಳೆದುಕೊಳ್ಳಬೇಕಂತೆ. ಬೇರೆ ಕಡೆ ಇಳಿಸಿಕೊಳ್ಳೋಣವೆಂದರೆ ಅಷ್ಟು ದೊಡ್ಡ ಇನ್ನೊಂದು ಕಂಪ್ಯೂಟರ್ ನಮ್ಮಲ್ಲಿಲ್ಲ. "ಹಿಂದಕ್ಕೆ ಕರ್ಕೊಂಡ್ ಹೋಗ್ತೀನಿ, ವಾಪಸ್ ಕರ್ಕೊಂಡ್ ಬರೋದು ನಂಗೊತ್ತಿಲ್ಲ" ಎಂದರು ಮೇಷ್ಟ್ರು. ನಲವತ್ತಮೂರು ಜನರ ಸಹಿ ಬೇಕಾಯಿತು. ನಲವತ್ತೆರಡು ಸಿಕ್ಕಿವೆ. ಮೆಕ್ಯಾನಿಕ್‌ಗಳು ಓದದೆಯೇ ಹಾಕಿದರು. ಈ ನಡುವೆ ಮೂರು ಮೆಮೊ ತಿಂದಿರುವ ಟೈಪಿಸ್ಟ್, "ನಂದು ಎರಡು ಸಲ ಹಾಕ್ಲಾ" ಎಂದು ಕೇಳಿದಳು. ಉಳಿದದ್ದು ಸಾಹೇಬರು. ಕಳೆದ ತಿಂಗಳು ಅವರಿಗೆ ಬಡ್ತಿಯ ಆದೇಶ ಬಂದಿದೆ, ಇಮೇಲಿನಲ್ಲಿ.

ಆದಕಾರಣ ತಮ್ಮಲ್ಲಿ ನನ್ನ ಸವಿನಯ ಪ್ರಾರ್ಥನೆ. ಎಲ್ಲರ ಇಮೇಲುಗಳನ್ನೂ ನಡೆಸುವ ಮೇಲಿನ ಮಹಡಿಯ ದೊಡ್ಡ ಕಂಪ್ಯೂಟರಿಗೆ ಒಂದು ದಿನ ತಲೆ ತಿರುಗಿ ಬೀಳುವಂತೆ ತಾವು ಹಿತವಚನ ಹೇಳಬಾರದೇ? ಅದು ಬಿದ್ದರೆ ಯಾರ ಸಹಿಯೂ ಬೇಕಿಲ್ಲ, ತಮ್ಮಿಂದ ಎಲ್ಲವನ್ನೂ ಇಳಿಸಿಕೊಳ್ಳಲೇಬೇಕು. ಯಾವ ದಿನದ್ದು ಇಳಿಸುವುದೆಂಬುದು ಮೇಷ್ಟ್ರ ಕೈಯಲ್ಲಿದೆ, ಮತ್ತು ಅವರ ತಾಯಿಯನ್ನು ಒಮ್ಮೆ ಲಿಫ್ಟಿನಲ್ಲಿ ಐವತ್ತು ನಿಮಿಷ ಮಾತಾಡಿಸಿ ಕಾಪಾಡಿದವಳು ಅಕ್ಕ. ಇದು ಸಂಚಲ್ಲ, ನೋಟಿಸ್ ಬೋರ್ಡಿನಲ್ಲಿ ಅಂಟಿಸಿ ಯಾರೂ ಸಂಚು ಮಾಡುವುದಿಲ್ಲ.

ಗೋಡೆಯಾಚೆಯಿಂದ ತಮ್ಮ ಗುಂಯ್‌ಗುಡುವಿಕೆಗೆ ಕಿವಿಗೊಟ್ಟಿರುವ,

ತಮ್ಮ ವಿಶ್ವಾಸಿ,
ಉಗ್ರಾಣದವಳು

ಮರೆತ ಮಾತು: ಇದನ್ನು ನೋಟಿಸ್ ಬೋರ್ಡಿನಲ್ಲಿ ಓದುತ್ತಿರುವ ಸಾಹೇಬರ ಅವಗಾಹನೆಗೆ. ಬಡ್ತಿಯ ಆದೇಶವನ್ನು ಕಾಗದದ ಮೇಲೂ ಮುದ್ರಿಸಿಟ್ಟುಕೊಳ್ಳಬಹುದು ಎಂದು ಮೇಷ್ಟ್ರು ಎರಡು ಸಲ ಖಚಿತಪಡಿಸಿದ್ದಾರೆ. ಉಗ್ರಾಣದಲ್ಲಿ ಒಳ್ಳೆಯ ದಪ್ಪ ಕಾಗದವಿದೆ. ಬೇಡಿಕೆ ಚೀಟಿ ಇಲ್ಲದೆ ನಾನು ಇದುವರೆಗೆ ಯಾರಿಗೂ ಒಂದು ಸ್ಕ್ರೂ ಸಹ ಕೊಟ್ಟವಳಲ್ಲ. ತಮಗೆ ಎಷ್ಟು ಪ್ರತಿಗೆ ಬೇಕೋ ಅಷ್ಟು ಹಾಳೆ ಇವತ್ತೇ ಮೇಜಿನ ಮೇಲೆ ತಂದಿಡುತ್ತೇನೆ, ಪಕ್ಕದಲ್ಲಿ ಸಹಿಯ ಕಾಗದ, ಮುಚ್ಚಳ ತೆಗೆದ ಪೆನ್ನು.